ಉಳಿದದ್ದು ಯಾರ ಪಾಲು?

ಊಟ ಬಲ್ಲವನಿಗೆ ರೋಗವಿಲ್ಲ ಎನ್ನುವ ಗಾದೆ ನಮ್ಮಲ್ಲಿ ಎಲ್ಲರ ಬಾಯಲ್ಲೂ ಇದೆ. ಮದುವೆಯ ಪಂಕ್ತಿಯಲ್ಲಿ ಎರಡನೆಯ ಹೋಳಿಗೆ ಬೇಡವೆಂದು ಕೈ ಅಡ್ಡ ಹಿಡಿಯುವವರೂ ಇದನ್ನು ಹೇಳುತ್ತಾರೆ, ನಾಲ್ಕನೆಯ ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಳ್ಳುವವರೂ ಇದನ್ನೇ ಹೇಳುತ್ತಾರೆ. ಗಾದೆಗಳ ಸ್ವಭಾವವೇ ಹಾಗೆ, ಕರೆದವರ ಮನೆಗೆಲ್ಲ ಬರುತ್ತವೆ. ಈ ಗಾದೆಯಲ್ಲಿ ನನ್ನನ್ನು ಕಾಡುವುದು 'ಬಲ್ಲವನಿಗೆ' ಎಂಬ ಶಬ್ದ. ಅಲ್ಲಿ ಕುಳಿತು ಉಣ್ಣುತ್ತಿರುವವನು ಗಂಡಸು. ಹೆಂಗಸನ್ನು ಹೊಗಳುವುದಕ್ಕೆ ನಮ್ಮ ಭಾಷೆ ಬೇರೆಯೇ ಮಾತನ್ನು ಇಟ್ಟುಕೊಂಡಿದೆ. ಆಕೆ 'ಅಡುಗೆ ಬಲ್ಲವಳು'. ಹೆಣ್ಣು ನೋಡಲು ಬಂದವರು ಅಡುಗೆ ಬರುತ್ತದೆಯೇ ಎಂದು ಕೇಳುತ್ತಿದ್ದರು. ಈಗಲೂ ಸುತ್ತಿ ಬಳಸಿ ಕೇಳುತ್ತಾರೆ. ಊಟ ಬರುತ್ತದೆಯೇ ಎಂದು ಯಾರೂ ಕೇಳಿದ್ದಿಲ್ಲ. ಕೇಳಿದ್ದರೆ ನಮ್ಮಲ್ಲಿ ಎಷ್ಟು ಜನ ತೇರ್ಗಡೆಯಾಗುತ್ತಿದ್ದೆವೋ!

ಒಂದು ಹೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ ಎಂಬ ಇನ್ನೊಂದು ಮಾತಿದೆ. ಅಲ್ಲಿಯೂ ಲೆಕ್ಕಕ್ಕೆ ಬರುವುದು ಎಲೆಯ ಮುಂದೆ ಕುಳಿತು ಹೊತ್ತಿಗೆ ಸರಿಯಾಗಿ ಉಂಡವರೇ. ಬೆಳಗಿನಿಂದ ರಾತ್ರಿಯವರೆಗೆ ನಿಂತೇ ಇರುವವಳ ಹೊತ್ತುಗಳನ್ನು ಎಣಿಸುವವರು ಯಾರು? ಉಪ್ಪು ಹುಳಿ ನೋಡುವುದಕ್ಕೆ ಅಂಗೈಗೆ ಹಾಕಿಕೊಂಡ ಸಾರು, ಮಗು ಬಿಟ್ಟೆದ್ದ ಅರ್ಧ ದೋಸೆ, ಪಾತ್ರೆ ತೊಳೆಯಲು ಹಾಕುವ ಮುನ್ನ ಬಳಿದುಕೊಂಡ ಪಾಯಸದ ತಳ, ಡಬ್ಬಿಗೆ ಹಿಡಿಸದ ಎರಡು ಚಕ್ಕುಲಿ. ಇದು ಊಟವೂ ಅಲ್ಲ, ತಿಂಡಿಯೂ ಅಲ್ಲ. ಕನ್ನಡದಲ್ಲಿ ಇದಕ್ಕೊಂದು ಹೆಸರೇ ಇಲ್ಲ. ಹೆಸರಿಲ್ಲದ್ದು ಲೆಕ್ಕಕ್ಕೆ ಸಿಗುವುದೂ ಇಲ್ಲ.

ನನ್ನ ಅತ್ತಿಗೆಯ ಸಂಗತಿ ಹೇಳುತ್ತೇನೆ. ವಯಸ್ಸು ಐವತ್ತೆರಡು. ಮೊಣಕಾಲು ನೋವೆಂದು ಡಾಕ್ಟರ ಬಳಿ ಹೋದಾಗ ಅವರು ತೂಕ ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು. ಬರಿಹೊಟ್ಟೆಯ ಸಕ್ಕರೆ 118 ಬಂದಿತ್ತು. 100ರ ಒಳಗಿದ್ದರೆ ಸರಿ, 126 ಮುಟ್ಟಿದರೆ ಸಕ್ಕರೆ ಕಾಯಿಲೆ. ನೀವು ಗಡಿಯ ಮೇಲಿದ್ದೀರಿ ಎಂದರು. ಜೊತೆಗೆ ರಕ್ತ ಕಡಿಮೆ ಇದೆ ಎಂದೂ ಹೇಳಿದರು. "ಏನು ಊಟ ಮಾಡುತ್ತೀರಿ?" ಎಂದಾಗ ಅತ್ತಿಗೆ, "ಏನೂ ಇಲ್ಲ ಡಾಕ್ಟರೇ, ಬೆಳಿಗ್ಗೆ ಎರಡು ದೋಸೆ, ಮಧ್ಯಾಹ್ನ ಒಂದು ಹಿಡಿ ಅನ್ನ, ರಾತ್ರಿ ಒಂದು ಚಪಾತಿ" ಎಂದರಂತೆ. ಡಾಕ್ಟರು ನಕ್ಕರು. ಆ ನಗು ಅತ್ತಿಗೆಗೆ ಕಾಲುನೋವಿಗಿಂತ ಹೆಚ್ಚು ನೋವು ಕೊಟ್ಟಿತು. ಮನೆಗೆ ಬಂದು, "ನಾನೇನು ಸುಳ್ಳು ಹೇಳಿದೆನೇ?" ಎಂದು ಕಣ್ಣಲ್ಲಿ ನೀರು ತಂದುಕೊಂಡರು.

ಆಕೆ ಹೇಳಿದ್ದು ಸುಳ್ಳಲ್ಲ. ತಟ್ಟೆಯಲ್ಲಿ ಬಡಿಸಿಕೊಂಡದ್ದನ್ನು ಆಕೆ ಚಾಚೂ ತಪ್ಪದೆ ಹೇಳಿದ್ದರು. ಮುಂದಿನ ಸಲ ಬರುವಾಗ ಬಾಯಿಗೆ ಹೋದದ್ದನ್ನೆಲ್ಲ ಬರೆದುಕೊಂಡು ಬನ್ನಿ ಎಂದು ಡಾಕ್ಟರು ಹೇಳಿದ್ದರಿಂದ, ಮೊಮ್ಮಗನ ಹಳೆಯ ನೋಟುಪುಸ್ತಕದ ಖಾಲಿ ಹಾಳೆಗಳಲ್ಲಿ ಒಂದು ವಾರ ಬರೆದರು. ಆ ಪುಸ್ತಕ ನನಗೂ ತೋರಿಸಿದರು. ದಿನಕ್ಕೆ ನಾಲ್ಕು ಲೋಟ ಕಾಫಿ, ಲೋಟಕ್ಕೆ ಎರಡು ಚಮಚ ಸಕ್ಕರೆ. ಚಮಚಕ್ಕೆ 5 ಗ್ರಾಂ ಎಂದರೆ ಕಾಫಿಯಲ್ಲೇ 40 ಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಪ್ರಕಾರ ಮೇಲಿನಿಂದ ಹಾಕಿಕೊಳ್ಳುವ ಸಕ್ಕರೆ ದಿನಕ್ಕೆ 25 ಗ್ರಾಂ ಮೀರಬಾರದು. ಇನ್ನು ಮೊಮ್ಮಗ ಬಿಟ್ಟ ಅರ್ಧ ದೋಸೆ ವಾರದಲ್ಲಿ ಐದು ದಿನ ಇತ್ತು. ಮಧ್ಯಾಹ್ನ ಎಲ್ಲರ ಊಟವಾದ ಮೇಲೆ ಪಾತ್ರೆಯಲ್ಲಿ ಮಿಕ್ಕ ಅನ್ನಕ್ಕೆ ಮೊಸರು ಕಲಸಿಕೊಂಡದ್ದು ಏಳೂ ದಿನ ಇತ್ತು. ಈ ಹೆಸರಿಲ್ಲದ ತಿನಿಸನ್ನೆಲ್ಲ ಕೂಡಿಸಿದರೆ ದಿನಕ್ಕೆ ಹೆಚ್ಚುಕಡಿಮೆ 400 ಕ್ಯಾಲೊರಿ ಆಗುತ್ತಿತ್ತು. ಅದು ಇನ್ನೊಂದು ಹೊತ್ತಿನ ಊಟವೇ.

ಆ ಪುಸ್ತಕ ಮುಚ್ಚಿಟ್ಟು ಅತ್ತಿಗೆ ಒಂದು ಪ್ರಶ್ನೆ ಕೇಳಿದರು. "ಹಾಗಾದರೆ ಚೆಲ್ಲಲೇನು?" ಕಾಫಿಯ ಸಕ್ಕರೆಯ ಬಗ್ಗೆ ಆಕೆಗೆ ತಕರಾರಿರಲಿಲ್ಲ, ಎರಡು ಚಮಚವನ್ನು ಅರ್ಧ ಮಾಡಿದರೆ ಆಯಿತು ಎಂದರು. ದೋಸೆಯ ಚೂರು, ಅನ್ನದ ತಳ, ಇವು ಆಕೆಗೆ ಆರೋಗ್ಯದ ಪ್ರಶ್ನೆ ಆಗಿರಲಿಲ್ಲ. ಅದು ಪಾಪಪುಣ್ಯದ ಪ್ರಶ್ನೆ. ತೂಕ ಇಳಿಸುವುದು ಹೇಗೆ ಎಂದು ಪುಟಗಟ್ಟಲೆ ಬರೆಯುವ ಡಾಕ್ಟರುಗಳಾಗಲಿ, ವಾರಪತ್ರಿಕೆಯ ಆರೋಗ್ಯದ ಅಂಕಣಗಳಾಗಲಿ ಈ ಪ್ರಶ್ನೆಗೆ ಉತ್ತರ ಹೇಳುವುದಿಲ್ಲ. ಕಡಿಮೆ ತಿನ್ನಿ ಎನ್ನುತ್ತಾರೆ. ನಾವು ತಿನ್ನದೆ ಬಿಟ್ಟದ್ದು ಎಲ್ಲಿಗೆ ಹೋಗಬೇಕು ಎಂಬುದು ಅವರ ಅಡುಗೆಮನೆಯ ಚಿಂತೆಯಲ್ಲ.

ಈ ಪ್ರಶ್ನೆಯನ್ನು ನಗುವುದು ಸುಲಭ. ಇದರ ಬೇರು ಆಳದಲ್ಲಿದೆ. ಅನ್ನವನ್ನು ಹಳಿಯಬಾರದು ಎಂದು ಉಪನಿಷತ್ತಿನ ಕಾಲದಿಂದ ಹೇಳಿಕೊಂಡು ಬಂದ ನಾಡು ನಮ್ಮದು. ಹೊರನಾಡಿನಲ್ಲಿ ಅನ್ನಪೂರ್ಣೇಶ್ವರಿಗೇ ಗುಡಿ. ಧರ್ಮಸ್ಥಳದಲ್ಲಿ, ಸಿದ್ಧಗಂಗೆಯಲ್ಲಿ ಬಂದವರಿಗೆಲ್ಲ ಊಟ. ವೀರಶೈವರ ಮನೆಗಳಲ್ಲಿ ಹಿರಿಯರು ಉಂಡ ತಟ್ಟೆಯನ್ನು ನೀರು ಹಾಕಿ ತೊಳೆದು ಆ ನೀರನ್ನೂ ಕುಡಿಯುವುದನ್ನು ನೀವೂ ಕಂಡಿರಬಹುದು. ಪ್ರಸಾದದ ಒಂದು ಅಗುಳೂ ವ್ಯರ್ಥವಾಗಬಾರದು ಎಂಬ ಭಾವ ಅದು. ಅದನ್ನು ನೋಡಿದಾಗಲೆಲ್ಲ ನನಗೆ ಗೌರವ ಉಂಟಾಗುತ್ತದೆ.

ದೇವರ ಜೊತೆಗೆ ಬರಗಾಲವೂ ಈ ಪಾಠ ಕಲಿಸಿದೆ. 1965ರಲ್ಲಿ ಪ್ರಧಾನಿಯಾಗಿದ್ದ ಲಾಲ್ ಬಹಾದುರ್ ಶಾಸ್ತ್ರಿಯವರು ದೇಶಕ್ಕೆ ಧಾನ್ಯ ಸಾಲದೆಂದು ವಾರಕ್ಕೆ ಒಂದು ಹೊತ್ತಿನ ಊಟ ಬಿಡಿ ಎಂದು ಜನರನ್ನು ಕೇಳಿಕೊಂಡರು. ಎಷ್ಟೋ ಮನೆಗಳಲ್ಲಿ ಸೋಮವಾರ ರಾತ್ರಿ ಒಲೆ ಉರಿಯಲಿಲ್ಲ. ಅಮೆರಿಕದ ಹಡಗುಗಳಲ್ಲಿ ಗೋಧಿ ಬರುತ್ತಿದ್ದ ಕಾಲ ಅದು. ನನ್ನ ತಾಯಿ ಅನಂತರವೂ ಎಷ್ಟೋ ವರ್ಷ ಆ ಸೋಮವಾರವನ್ನು ಬಿಡಲಿಲ್ಲ. ಶಾಸ್ತ್ರಿಗಳು ತೀರಿಕೊಂಡರು, ಹಸಿರು ಕ್ರಾಂತಿ ಬಂತು, ರೇಷನ್ ಅಂಗಡಿಯ ಮುಂದಿನ ಸಾಲು ಕರಗಿತು. ಸೋಮವಾರ ರಾತ್ರಿ ನಮ್ಮಮ್ಮ ಮಜ್ಜಿಗೆ ಕುಡಿದು ಮಲಗುತ್ತಿದ್ದರು. ಅಂಥ ತಾಯಂದಿರ ಕೈಯಲ್ಲಿ ಬೆಳೆದ ನಮ್ಮ ವಯಸ್ಸಿನವರಿಗೆ ಅನ್ನ ಚೆಲ್ಲು ಎಂದರೆ ಕೈ ಏಳುವುದಿಲ್ಲ. ಏಳಬಾರದು ಕೂಡ.

ಹಾಗಿದ್ದರೂ ಒಂದು ಮಾತು ಕೇಳಬೇಕು. ಅನ್ನ ವ್ಯರ್ಥವಾಗುವುದು ಎಂದರೆ ಏನು? ಅನ್ನ ಇರುವುದು ಹಸಿದವರಿಗಾಗಿ. ಹಸಿವೆಯೇ ಇಲ್ಲದ ಹೊಟ್ಟೆಗೆ ಹೋದ ಅನ್ನ ಯಾರ ಹಸಿವನ್ನು ತಣಿಸಿತು? ತಿಪ್ಪೆಗೆ ಬಿದ್ದರೆ ಗೊಬ್ಬರವಾದರೂ ಆದೀತು. ಹೊಟ್ಟೆ ತುಂಬಿದವಳ ಹೊಟ್ಟೆಗೆ ಬಿದ್ದರೆ ಅದು ಸೊಂಟದ ಸುತ್ತ ಕೊಬ್ಬಾಗಿ, ರಕ್ತದಲ್ಲಿ ಸಕ್ಕರೆಯಾಗಿ, ಮೊಣಕಾಲಿಗೆ ಭಾರವಾಗಿ, ಕಡೆಗೆ ಔಷಧಿ ಅಂಗಡಿಯ ಚೀಟಿಯಾಗಿ ಹಿಂದಿರುಗುತ್ತದೆ. ಚೆಲ್ಲಿದ್ದು ಕಣ್ಣಿಗೆ ಕಾಣುತ್ತದೆ, ಆದ್ದರಿಂದ ಪಾಪ. ತಿಂದದ್ದು ಕಾಣುವುದಿಲ್ಲ, ಆದ್ದರಿಂದ ಪುಣ್ಯ. ಎರಡರಲ್ಲೂ ಹಾಳಾದ ಅನ್ನ ಅಷ್ಟೇ. ಎರಡನೆಯದರಲ್ಲಿ ಜೊತೆಗೆ ಒಬ್ಬ ಹೆಂಗಸಿನ ದೇಹವೂ ಹಾಳಾಗುತ್ತದೆ ಎಂಬುದೊಂದೇ ವ್ಯತ್ಯಾಸ.

ಲೆಕ್ಕ ಬೇಕೆನ್ನುವವರಿಗೆ ಲೆಕ್ಕವೂ ಇದೆ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7700 ಕ್ಯಾಲೊರಿ ಇರುತ್ತದೆ. ದಿನಕ್ಕೆ 100 ಕ್ಯಾಲೊರಿ, ಅಂದರೆ ಒಂದು ಸಣ್ಣ ಬಟ್ಟಲು ಅನ್ನಕ್ಕಿಂತ ಕಡಿಮೆ, ಹೆಚ್ಚಾದರೆ ಕಾಗದದ ಮೇಲೆ ವರ್ಷಕ್ಕೆ ನಾಲ್ಕೂಮುಕ್ಕಾಲು ಕಿಲೋ ಆಗುತ್ತದೆ. ದೇಹ ಕಾಗದದಂತೆ ನಡೆಯುವುದಿಲ್ಲ, ನಿಜ. ತೂಕ ಏರಿದಂತೆ ಅದು ಖರ್ಚನ್ನೂ ಏರಿಸಿಕೊಳ್ಳುವುದರಿಂದ ಅಷ್ಟು ಬರುವುದಿಲ್ಲ. ಎಷ್ಟು ಬಂದರೂ ಬರುವ ದಿಕ್ಕು ಮಾತ್ರ ಅದೇ. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ನಮಗೆಲ್ಲ ಹದಿನೈದು ಕಿಲೋ ಹೇಗೆ ಸೇರಿಕೊಂಡಿತು ಎಂದು ಕನ್ನಡಿಯನ್ನು ಕೇಳಬೇಕಾಗಿಲ್ಲ, ಪಾಯಸದ ಪಾತ್ರೆಯನ್ನು ಕೇಳಿದರೂ ಸಾಕು.

ಮೊದಲು ಉಳಿದದ್ದಕ್ಕೆ ಬೇರೆ ಬೇರೆ ಪಾಲುದಾರರಿದ್ದರು. ಅಕ್ಕಚ್ಚು ಹಸುವಿಗೆ, ರೊಟ್ಟಿಯ ಚೂರು ನಾಯಿಗೆ, ಹಿಡಿ ಅನ್ನ ಕಾಗೆಗೆ. ರಾತ್ರಿ ಉಳಿದ ಅನ್ನ ಮಜ್ಜಿಗೆಯಲ್ಲಿ ನೆನೆದು ಬೆಳಿಗ್ಗೆ ಗದ್ದೆಗೆ ಹೋಗುವವರ ತಂಗಳಾಗುತ್ತಿತ್ತು. ನೇಗಿಲ ಹಿಂದೆ ನಡೆದ ಮೈಗೆ ಅದು ಎಲ್ಲಿ ಹೋಯಿತೋ ತಿಳಿಯುತ್ತಿರಲಿಲ್ಲ. ಮನೆಗೆಲಸದವಳಿಗೂ ಉಳಿದದ್ದು ಹೋಗುತ್ತಿತ್ತು. ಇದರ ಬಗ್ಗೆ ನನಗೆ ಯಾವತ್ತೂ ಸಮಾಧಾನವಿಲ್ಲ. ನಮಗೆ ಬೇಡವಾದದ್ದನ್ನು, ಮೂರು ದಿನದ ಹುಳಿಯನ್ನು, ಇನ್ನೊಬ್ಬರ ಕೈಗಿಟ್ಟು ದಾನ ಎಂದುಕೊಳ್ಳುವುದರಲ್ಲಿ ಏನು ಧರ್ಮವಿದೆ? ಈಗ ನಮ್ಮ ಬೀದಿಗೆ ಕೆಲಸಕ್ಕೆ ಬರುವ ಹೆಣ್ಣುಮಕ್ಕಳು, "ಬೇಡಮ್ಮಾ, ಮನೇಲಿ ಮಾಡಿದೀನಿ" ಎಂದು ನೇರವಾಗಿ ಹೇಳುತ್ತಾರೆ. ಹೇಳಿಸಿಕೊಂಡವರಿಗೆ ಮುಖ ಸಣ್ಣದಾಗುತ್ತದೆ. ನನಗಂತೂ ಅವರ ಮಾತು ಸರಿ ಎನಿಸುತ್ತದೆ. ತಾಜಾ ಇದ್ದಾಗ, ನಾವು ಉಣ್ಣುವ ಮೊದಲು ಕೊಟ್ಟರೆ ಅದು ಕೊಡುವುದು. ನಾವುಂಡ ಮೇಲಿನದು ಸಾಗಹಾಕುವುದು.

ಹೀಗೆ ಪೇಟೆಯ ಮನೆಗಳಲ್ಲಿ ಹಸು ಹೋಯಿತು, ಗದ್ದೆ ಹೋಯಿತು, ಬಾಗಿಲಿಗೆ ಬಂದು 'ತಾಯೀ' ಎನ್ನುವವರೂ ಹೆಚ್ಚುಕಡಿಮೆ ಹೋದರು. ಫ್ರಿಜ್ಜು ಬಂತು. ಫ್ರಿಜ್ಜು ಪಾಲುದಾರನಲ್ಲ, ಅದು ಬರಿಯ ಸಾಕ್ಷಿ. ಮೂರು ದಿನ ಇಟ್ಟುಕೊಂಡು ಮತ್ತೆ ನಮ್ಮ ಮುಂದೆಯೇ ತಂದಿಡುತ್ತದೆ. ಉಳಿದ ಪಾಲುದಾರರೆಲ್ಲ ಹೊರಟುಹೋದ ಮೇಲೆ ಮನೆಯಲ್ಲಿ ಉಳಿದ ಒಂದೇ ಪಾತ್ರೆ ಎಂದರೆ ಗೃಹಿಣಿಯ ಹೊಟ್ಟೆ. ಎಂಜಲು ಮುಸುರೆ ಎಂದು ಅಷ್ಟೊಂದು ನಿಯಮ ಮಾಡಿದ ನಮ್ಮ ಸಮಾಜ, ಗಂಡ ಉಂಡೆದ್ದ ಎಲೆಯಲ್ಲೇ ಹೆಂಡತಿ ಉಣ್ಣುವುದಕ್ಕೆ ಮಾತ್ರ ಆ ನಿಯಮವನ್ನು ಸಡಿಲ ಮಾಡಿತ್ತು ಎಂಬುದನ್ನು ನೆನೆದರೆ, ಈ ಪಾತ್ರೆ ಇಂದು ನಿನ್ನೆಯದಲ್ಲ ಎಂದು ಗೊತ್ತಾಗುತ್ತದೆ. ಎಲೆಯ ಪದ್ಧತಿ ಹೋಗಿದೆ. ಅಮ್ಮ ಕೊನೆಗೆ ಉಣ್ಣುವ ಪದ್ಧತಿ ಎಷ್ಟೋ ಮನೆಗಳಲ್ಲಿ ಹಾಗೇ ಇದೆ.

ಕೊನೆಗೆ ಉಣ್ಣುವುದರಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಕೊನೆಯಲ್ಲಿ ಏನು ಉಳಿಯುತ್ತದೆ, ನೋಡಿ. ಅನ್ನ ಉಳಿಯುತ್ತದೆ, ಏಕೆಂದರೆ ಅದನ್ನು ಸಾಲದೆ ಬರಬಾರದೆಂದು ಹೆಚ್ಚೇ ಮಾಡಿರುತ್ತೇವೆ. ಸಾರಿನ ತಿಳಿ ಉಳಿಯುತ್ತದೆ. ಪಲ್ಯ ಉಳಿಯುವುದಿಲ್ಲ, ಬೇಳೆ ಕಾಳು ತಳದಿಂದ ಎತ್ತಿ ಎತ್ತಿ ಮಕ್ಕಳಿಗೆ ಗಂಡನಿಗೆ ಬಡಿಸಿ ಆಗಿರುತ್ತದೆ. ಕೋಸಂಬರಿಯ ಬಟ್ಟಲಲ್ಲಿ ಸಾಸಿವೆಯೂ ನೀರೂ ಇರುತ್ತವೆ. ಹಣ್ಣನ್ನು ಹೆಚ್ಚಿ ಕೊಟ್ಟವಳಿಗೆ ಸಿಪ್ಪೆಯ ಬುಡ. ಅಂದರೆ ಕೊನೆಗೆ ಕುಳಿತವಳಿಗೆ ಸಿಗುವುದು ಕಡಿಮೆ ಊಟವಲ್ಲ, ಕೆಟ್ಟದಾಗಿ ಪಾಲಾದ ಊಟ. ಹೊಟ್ಟೆ ತುಂಬುತ್ತದೆ, ಮೈಗೆ ಬೇಕಾದದ್ದು ಬರುವುದಿಲ್ಲ.

ನಮ್ಮ ದೇಶದ ಪೋಷಣೆಯ ಲೆಕ್ಕವೇ ಇದಕ್ಕೆ ತದ್ವಿರುದ್ಧವಾಗಿದೆ. 2020ರ ಶಿಫಾರಸಿನ ಪ್ರಕಾರ ಹೆಚ್ಚು ಮೈಶ್ರಮವಿಲ್ಲದ ಗಂಡಸಿಗೆ ದಿನಕ್ಕೆ 2110 ಕ್ಯಾಲೊರಿ ಬೇಕು, ಹೆಂಗಸಿಗೆ 1660 ಸಾಕು. ಕಬ್ಬಿಣದ ಅಂಶ ಮಾತ್ರ ಗಂಡಸಿಗೆ 19 ಮಿಲಿಗ್ರಾಂ ಸಾಕಾದರೆ, ಮುಟ್ಟು ನಿಲ್ಲದ ವಯಸ್ಸಿನ ಹೆಂಗಸಿಗೆ 29 ಬೇಕು. ಅವಳ ತಟ್ಟೆಯಲ್ಲಿ ಅನ್ನ ಅವನಿಗಿಂತ ಕಡಿಮೆ ಇರಬೇಕು, ಸೊಪ್ಪು ಕಾಳು ಅವನಿಗಿಂತ ಹೆಚ್ಚಿರಬೇಕು. ನಮ್ಮ ಮನೆಗಳಲ್ಲಿ ನಡೆಯುವುದು ಏನೆಂದು ನಿಮಗೇ ಗೊತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇತ್ತು, ನೂರಕ್ಕೆ 24 ಮಂದಿಗೆ ತೂಕ ಮಿತಿಮೀರಿತ್ತು. ಕರ್ನಾಟಕದಲ್ಲಿ ತೂಕ ಮೀರಿದವರು ನೂರಕ್ಕೆ 30. ಇವೆರಡೂ ಬೇರೆ ಬೇರೆ ಹೆಂಗಸರ ಕಥೆ ಎಂದು ನಾವು ತಿಳಿದುಕೊಂಡಿದ್ದೇವೆ. ಒಬ್ಬಳು ಬಡವಿ, ಒಬ್ಬಳು ಉಳ್ಳವಳು ಎಂದು. ನನ್ನ ಅತ್ತಿಗೆಯ ಚೀಟಿಯಲ್ಲಿ ಎರಡೂ ಒಂದೇ ಸಾಲಿನಲ್ಲಿದ್ದವು. ದಪ್ಪಗಿದ್ದಾಳೆ, ಚೆನ್ನಾಗಿ ತಿನ್ನುತ್ತಾಳೆ ಎಂದು ನಾವು ಯಾರನ್ನು ಹಿಂದಿನಿಂದ ಆಡಿಕೊಳ್ಳುತ್ತೇವೋ ಆಕೆಗೆ ನಿಜವಾದ ಊಟ ಸಿಕ್ಕಿ ವರ್ಷಗಳಾಗಿರಬಹುದು.

ಹಾಗಾದರೆ ಬಡಿಸುವ ಮೊದಲೇ ತನ್ನ ಪಾಲಿನ ಪಲ್ಯ, ತನ್ನ ಪಾಲಿನ ಬೇಳೆಯನ್ನು ತೆಗೆದಿಟ್ಟುಕೊಳ್ಳಬೇಕು, ಅಷ್ಟೇ ತಾನೆ? ಹೇಳಿದಷ್ಟು ಸುಲಭವಲ್ಲ. 'ಮೊದಲೇ ತೆಗೆದಿಟ್ಟುಕೊಂಡಳು' ಎಂಬ ಮಾತಿಗೆ ನಮ್ಮ ಭಾಷೆಯಲ್ಲಿ ಎಂಥ ಕೆಟ್ಟ ವಾಸನೆ ಇದೆ! ಅದು ಕಳ್ಳತನದ ಪಕ್ಕದ ಮಾತು. ಅತ್ತೆಯ ಬಾಯಲ್ಲಿ ಸೊಸೆಯ ಮೇಲೆ, ಸೊಸೆಯ ಬಾಯಲ್ಲಿ ಅತ್ತೆಯ ಮೇಲೆ, ಓರಗಿತ್ತಿಯರ ನಡುವೆ ಈ ಮಾತು ಎಷ್ಟು ಮನೆಗಳನ್ನು ಒಡೆದಿದೆಯೋ. ಹೆಂಗಸಿಗೆ ತನ್ನದೇ ಪಾಲು ಎಂದು ಇಡೀ ಮನೆ ಒಪ್ಪಿಕೊಡುವ ಕಾಲ ಬಾಳಿನಲ್ಲಿ ಒಂದೇ, ಬಸಿರು ಬಾಣಂತನದ ಕಾಲ. ಆಗ ಅವಳಿಗೆಂದೇ ತುಪ್ಪ, ಅವಳಿಗೆಂದೇ ಸಬ್ಬಸಿಗೆ ಸೊಪ್ಪು, ಅವಳಿಗೆಂದೇ ಅಂಟಿನುಂಡೆ. ಕೂಸಿಗಾಗಿ ಕೊಡುತ್ತಾರೆ, ಅವಳ ಮೂಲಕ ಕೊಡುತ್ತಾರೆ. ಕೂಸು ಎದೆಹಾಲು ಬಿಟ್ಟ ದಿನ ಪಾಲೂ ಮುಗಿಯಿತು. ಇನ್ನೊಂದು ಜೀವ ಒಳಗಿದ್ದಾಗ ಮಾತ್ರ ತುತ್ತಿಗೆ ಅರ್ಹಳಾಗುವ ಈ ಜೀವ, ತಾನೊಂದೇ ಇದ್ದಾಗ ಏನೂ ಅಲ್ಲವೇ? ಈ ಪ್ರಶ್ನೆಯನ್ನು ನಾವು ಗಂಡಸರಿಗೆ ಕೇಳುವ ಮೊದಲು ನಮ್ಮನಮ್ಮಲ್ಲೇ ಕೇಳಿಕೊಳ್ಳಬೇಕು. ಬಡಿಸುವ ಸೌಟು ಇರುವುದು ನಮ್ಮ ಕೈಯಲ್ಲೇ.

ತನ್ನ ಪಾಲು ತೆಗೆದುಕೊಳ್ಳುವುದು ಸ್ವಾರ್ಥವಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಇನ್ನೊಬ್ಬರ ಪಾಲಿಗೆ ಕೈ ಹಾಕಿದರೆ ಅದು ಸ್ವಾರ್ಥ. ತನ್ನ ಪಾಲನ್ನು ಬಿಟ್ಟುಬಿಟ್ಟು, ಅದರ ಬದಲು ಎಲ್ಲರ ಉಳಿಕೆಯನ್ನು ತಿಂದು, ಅರವತ್ತಕ್ಕೆ ಕಾಲು ಸೋತು ಮಗ ಸೊಸೆಯ ಕೈಗೆ ಬಿದ್ದರೆ ಅದನ್ನು ತ್ಯಾಗ ಎಂದು ಯಾರು ಕರೆದಾರು? ಅಂಥ ತ್ಯಾಗದ ಸಾಲವನ್ನು ಕೊನೆಗೆ ತೀರಿಸುವವರು ಮಕ್ಕಳೇ.

ಈಗಿನ ಹೆಣ್ಣುಮಕ್ಕಳು ನಮ್ಮಂತಿಲ್ಲ, ಅವರು ಉಳಿದದ್ದನ್ನು ಮುಟ್ಟುವುದಿಲ್ಲ ಎಂದು ನೀವು ಹೇಳಬಹುದು. ನಿಜ. ಅವರಲ್ಲಿ ಕೆಲವರು ಉಳಿಯದ್ದನ್ನೂ ಮುಟ್ಟುವುದಿಲ್ಲ. ಮದುವೆ ಗೊತ್ತಾದ ಹುಡುಗಿ ಫೋಟೋದಲ್ಲಿ ತೆಳ್ಳಗೆ ಕಾಣಬೇಕೆಂದು ಎರಡು ತಿಂಗಳು ಸೌತೆಕಾಯಿಯಲ್ಲೇ ದಿನ ದೂಡುತ್ತಾಳೆ. ನನಗೆ ಇದರಲ್ಲಿ ಹಳೆಯದೇ ಇನ್ನೊಂದು ರೂಪದಲ್ಲಿ ಕಾಣುತ್ತದೆ. ನಾವು ಇನ್ನೊಬ್ಬರ ತಟ್ಟೆಗಾಗಿ ತಿಂದೆವು, ಅವರು ಇನ್ನೊಬ್ಬರ ಕಣ್ಣಿಗಾಗಿ ಬಿಡುತ್ತಾರೆ. ಹಸಿವೆಯನ್ನು ಕೇಳಿ ಉಂಡವರು ಇಬ್ಬರಲ್ಲಿ ಯಾರೂ ಇಲ್ಲ. ಒಂದು ಕಾಲದಲ್ಲಿ 'ಮೈಕೈ ತುಂಬಿಕೊಂಡಿದ್ದಾಳೆ' ಎಂಬುದು ಹೊಗಳಿಕೆಯಾಗಿತ್ತು, ಏಕೆಂದರೆ ತೆಳ್ಳಗಿರುವುದು ಬಡತನದ ಗುರುತಾಗಿತ್ತು. ಈಗ ದೇವಸ್ಥಾನದಲ್ಲಿ ಸಿಕ್ಕಿದವರು ಕುಂಕುಮ ಕೊಡುವ ಮೊದಲು "ಏನ್ರೀ, ದಪ್ಪ ಆಗಿಬಿಟ್ಟಿದ್ದೀರಲ್ಲ" ಎನ್ನುತ್ತಾರೆ. ಕುಶಲ ವಿಚಾರಿಸುವ ರೀತಿಯೇ ಅದಾಗಿಬಿಟ್ಟಿದೆ. 2025ರಲ್ಲಿ ತೂಕ ಇಳಿಸುವ ಹೊಸ ಚುಚ್ಚುಮದ್ದುಗಳು ನಮ್ಮ ದೇಶದ ಅಂಗಡಿಗಳಿಗೂ ಬಂದವು. ಕಾಯಿಲೆಯಿರುವ ಕೆಲವರಿಗೆ ಡಾಕ್ಟರ ಕೈಯಲ್ಲಿ ಅವು ಉಪಕಾರಿಯೇ. ಮದುವೆಯ ಸೀರೆಗಾಗಿ ಚುಚ್ಚಿಸಿಕೊಳ್ಳುವ ವಸ್ತು ಮಾತ್ರ ಅಲ್ಲ.

ತೂಕದ ಸಂಖ್ಯೆಗೆ ಕೊಡುವ ಮರ್ಯಾದೆಗೂ ಒಂದು ಮಿತಿ ಇರಲಿ. ಎತ್ತರಕ್ಕೆ ತಕ್ಕ ತೂಕ ಅಳೆಯುವ ಸೂತ್ರವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿದವನು ಬೆಲ್ಜಿಯಂ ದೇಶದ ಗಣಿತಜ್ಞ ಕೆಟ್ಲೆ. ಅವನಿಗೆ ಬೇಕಾಗಿದ್ದದ್ದು ಜನಸಮೂಹದ ಸರಾಸರಿ, ಒಬ್ಬೊಬ್ಬರ ಆರೋಗ್ಯದ ತೀರ್ಪಲ್ಲ. ಭಾರತೀಯರ ಮೈಯಲ್ಲಿ ಕಡಿಮೆ ತೂಕಕ್ಕೇ ಹೊಟ್ಟೆಯ ಕೊಬ್ಬು ಕೂಡುತ್ತದೆ ಎಂದು ಇಲ್ಲಿಯ ವೈದ್ಯರು 23ಕ್ಕೇ ಎಚ್ಚರಿಕೆ, 25ಕ್ಕೇ ಬೊಜ್ಜು ಎಂದು ಗೆರೆ ಎಳೆದಿದ್ದಾರೆ. ಐದಡಿಯ ಹೆಂಗಸಿಗೆ ಅದು ಸುಮಾರು 53 ಮತ್ತು 58 ಕಿಲೋ. ಇದಕ್ಕಿಂತ ಸರಳವಾದದ್ದು ಹೊಲಿಗೆಯ ಟೇಪು. ಸೊಂಟದ ಸುತ್ತಳತೆ 80 ಸೆಂಟಿಮೀಟರ್ ದಾಟಿದರೆ ಅಡುಗೆಮನೆಯ ಕಡೆ ಒಮ್ಮೆ ನೋಡಬೇಕು. ಕನ್ನಡಿಯ ಕಡೆ ನೋಡಿ ಅಳಬೇಕಾಗಿಲ್ಲ. ತೂಕ ನಡತೆಯ ಅಳತೆಯಲ್ಲ.

ಅಡುಗೆಮನೆಯ ಕಡೆ ನೋಡಿದರೆ ಏನು ಕಾಣುತ್ತದೆ? ನನಗೆ ಕಾಣುವುದು ಪಾವು. ಮಿತವ್ಯಯದ ಜಾಗ ಅಲ್ಲಿ, ಅಕ್ಕಿ ಅಳೆಯುವಲ್ಲಿ. ನಮ್ಮ ಅಜ್ಜಿಯರು ಅಳೆದು ಹಾಕುತ್ತಿದ್ದರು, ಮೇಲೆ ಒಂದು ಹಿಡಿ ಬರುವವರಿಗೆಂದು. ಆಗ ಹೇಳದೆ ಕೇಳದೆ ಜನ ಬರುತ್ತಿದ್ದರು. ಈಗ ತಂಗಿಯ ಮನೆಗೂ ಫೋನು ಮಾಡಿಯೇ ಹೋಗುತ್ತೇವೆ, ಆ ಹಿಡಿ ಮಾತ್ರ ಕುಕ್ಕರಿಗೆ ಬೀಳುತ್ತಲೇ ಇದೆ. ಬೀಳುವ ಕಾರಣ ಅತಿಥಿಯಲ್ಲ, ಅಂಜಿಕೆ. ಸಾಲದೆ ಬಂದರೆ ಮರ್ಯಾದೆ ಹೋಗುತ್ತದೆ, ಅಡುಗೆ ಬಲ್ಲವಳು ಎಂಬ ಬಿರುದು ಹೋಗುತ್ತದೆ. ಒಂದು ದಿನ ಅನ್ನ ನಾಲ್ಕು ತುತ್ತು ಕಡಿಮೆಯಾದರೆ ಏನಾಗುತ್ತದೆ? ಯಾರಾದರೂ ಒಂದು ಬಾಳೆಹಣ್ಣು ತಿನ್ನುತ್ತಾರೆ. ಅಷ್ಟೇ ಆಗುವುದು.

ಅಕ್ಕಿಯಲ್ಲಿ ಉಳಿದ ದುಡ್ಡು ತರಕಾರಿಗೆ ಹೋಗಲಿ. ಆ 2024ರ ಮಾರ್ಗಸೂಚಿಯ ತಟ್ಟೆಯಲ್ಲಿ 2000 ಕ್ಯಾಲೊರಿಯ ಊಟಕ್ಕೆ ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ತರಕಾರಿ ಸೊಪ್ಪು 400 ಗ್ರಾಂ ಎಂದಿದೆ. ನಾಲ್ಕು ಜನರ ಮನೆಗೆ ದಿನಕ್ಕೆ ಒಂದೂವರೆ ಕಿಲೋ ಮೀರಿದ ತರಕಾರಿ! ಅರ್ಧ ಕಿಲೋ ಬೀನ್ಸಿನಲ್ಲಿ ಎರಡು ಹೊತ್ತು ಸಾಗಿಸುವ ನಮಗೆ ಇದು ಹಬ್ಬದ ಸಂತೆಯಂತೆ ಕೇಳಿಸುತ್ತದೆ. ಅಷ್ಟು ಆಗದಿದ್ದರೂ ಹುಳಿಯಲ್ಲಿ ಹೋಳು ಹೆಚ್ಚಾಗಲಿ, ಮೊಳಕೆ ಕಾಳು ವಾರಕ್ಕೆರಡು ದಿನ ಬರಲಿ, ನುಗ್ಗೆ ದಂಟು ಹರಿವೆ ಸೊಪ್ಪು ಬರಲಿ. ಊಟದ ಜೊತೆ ನಿಂಬೆಹಣ್ಣು ಹಿಂಡಿಕೊಂಡರೆ ಸೊಪ್ಪಿನ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದ ಬೆನ್ನಿಗೇ ಕಾಫಿ ಟೀ ಕುಡಿದರೆ ಹತ್ತುವುದಿಲ್ಲ, ಒಂದು ಗಂಟೆ ಬಿಡಬೇಕು. ರಾಗಿಮುದ್ದೆ ತಿಂದರೆ ತಾನಾಗಿ ಇಳಿಯುತ್ತೇವೆ ಎಂದು ನಂಬಿದವರೂ ಇದ್ದಾರೆ. ರಾಗಿಯಲ್ಲಿ ಸುಣ್ಣದ ಅಂಶ ಧಾರಾಳ, ನಾರು ಹೆಚ್ಚು, ಬಹಳ ಒಳ್ಳೆಯ ಧಾನ್ಯ. ಕ್ಯಾಲೊರಿಯಲ್ಲಿ ಅಕ್ಕಿಗಿಂತ ಹೆಚ್ಚು ಹಿಂದೇನಿಲ್ಲ. ಮುದ್ದೆಯ ಗಾತ್ರವೂ ಲೆಕ್ಕಕ್ಕೆ ಬರುತ್ತದೆ.

ಉಪವಾಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಏಕಾದಶಿಯ ಹೆಸರಿನಲ್ಲಿ ಸಬ್ಬಕ್ಕಿ ಖಿಚಡಿ, ಅವಲಕ್ಕಿ, ಗಸಗಸೆ ಪಾಯಸ ಎಲ್ಲ ನಡೆಯುತ್ತದೆ ಎಂದು ನಮಗೆಲ್ಲ ಗೊತ್ತಿದೆ, ದೇವರಿಗೂ ಗೊತ್ತಿದೆ. ಜೈನರ ತಪಸ್ಸಿನ ಪಟ್ಟಿಯಲ್ಲಿ ಉಪವಾಸದ ಪಕ್ಕದಲ್ಲೇ ಅವಮೋದರ್ಯ ಎಂಬುದೊಂದಿದೆ. ಹಸಿವೆ ಇರುವುದಕ್ಕಿಂತ ಕೊಂಚ ಕಡಿಮೆ ಉಂಡು ಏಳುವುದು. ವಾಗ್ಭಟನೂ ಹೊಟ್ಟೆಯ ಅರ್ಧ ಅನ್ನಕ್ಕೆ, ಕಾಲು ನೀರಿಗೆ, ಕಾಲು ಗಾಳಿಗೆ ಎಂದು ಪಾಲು ಮಾಡಿಟ್ಟ. ಒಂದು ದಿನ ಏನೂ ತಿನ್ನದಿರುವುದು ಸುಲಭ, ಅದಕ್ಕೆ ಹೆಸರಿದೆ, ಹೊಗಳಿಕೆಯಿದೆ. ದಿನವೂ ಮೂರು ತುತ್ತು ಮೊದಲೇ ಏಳುವುದಕ್ಕೆ ಯಾರೂ ಹೊಗಳುವುದಿಲ್ಲ. ಅದಕ್ಕೇ ಅದನ್ನು ತಪಸ್ಸು ಎಂದರೋ ಏನೋ.

ಅತ್ತಿಗೆ ಈಗ ಪಾವಿನಲ್ಲಿ ಮೇಲಿನ ಹಿಡಿ ಹಾಕುವುದಿಲ್ಲ. ಮೊಮ್ಮಗನಿಗೆ ಅಂಗೈಯಗಲದ ದೋಸೆ ಹುಯ್ಯುತ್ತಾರೆ, ಕೇಳಿದರೆ ಇನ್ನೊಂದು. ಪಲ್ಯವನ್ನು ಐದು ಬಟ್ಟಲಿಗೆ ಮೊದಲೇ ಹಾಕಿಡುತ್ತಾರೆ, ಐದನೆಯದು ತಮ್ಮದು. ಮೊದಲ ವಾರ ಆ ಬಟ್ಟಲನ್ನು ತಟ್ಟೆಯಿಂದ ಮುಚ್ಚಿ ಮೂಲೆಗೆ ಸರಿಸಿದ್ದರಂತೆ, ಯಾರೂ ನೋಡದಿರಲೆಂದು. ಈಗ ಮೇಜಿನ ಮೇಲೇ ಇರುತ್ತದೆ. ಆರು ತಿಂಗಳಲ್ಲಿ ನಾಲ್ಕು ಕಿಲೋ ಇಳಿದಿದ್ದಾರೆ, ಮೊಣಕಾಲು ಪರವಾಗಿಲ್ಲ, ಸಕ್ಕರೆ ಇನ್ನೂ 109ರಲ್ಲಿದೆ. ಮೊಸರನ್ನದ ತಳದ ವಿಷಯ ಮಾತ್ರ ಬಗೆಹರಿದಿಲ್ಲ. ಅಷ್ಟು ಚೂರನ್ನು ಫ್ರಿಜ್ಜಿನಲ್ಲಿಡಲೂ ಆಗದು, ಹೊರಗೆ ಹಾಕಲೂ ಮನಸ್ಸು ಬಾರದು ಎನ್ನುತ್ತಾರೆ. ಹೋದ ವಾರ ನಾನು ಹೋದಾಗ ಅತ್ತಿಗೆ ಹಜಾರದಲ್ಲಿ ಕುಳಿತು ಹೂ ಕಟ್ಟುತ್ತಿದ್ದರು. ಅಡುಗೆಮನೆಯಲ್ಲಿ ಅಣ್ಣ ಸಿಂಕಿನ ಪಕ್ಕ ನಿಂತುಕೊಂಡು, ಪಾತ್ರೆ ಕೈಯಲ್ಲಿ ಹಿಡಿದು ತಳ ಬಳಿದು ತಿನ್ನುತ್ತಿದ್ದರು.